ಶಕುನದ ಹಕ್ಕಿ

ಮನೆಯಿಂದ ಹೊರಡುವಾಗ ಬೆಕ್ಕು ಅಡ್ಡ ಬಂದರೆ ನಾವು ಅರೆಕ್ಷಣ ನಿಲ್ಲುತ್ತೇವೆ. ಶಕುನದಲ್ಲಿ ತಮಗೆ ಎಳ್ಳಷ್ಟೂ ನಂಬಿಕೆಯಿಲ್ಲವೆಂದು ಹೇಳುವವರೂ ನಿಲ್ಲುತ್ತಾರೆ. ನಿಂತದ್ದು ಚಪ್ಪಲಿಯ ಪಟ್ಟಿಯನ್ನು ಸರಿಪಡಿಸುವುದಕ್ಕೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಮಗಳ ಮದುವೆಯ ಮಾತುಕತೆಗೆಂದು ಹೊರಟ ದಿನ ಆಕಾಶದಲ್ಲಿ ಬಿಳಿಯ ಕೊರಳಿನ ಗರುಡ ಕಾಣಿಸಿಕೊಂಡರೆ ಮನೆಯ ಹಿರಿಯರು ಕೈಯೆತ್ತಿ ಮುಗಿಯುತ್ತಾರೆ. ಮೊಬೈಲಿನಲ್ಲಿ ಮುಳುಗಿದ್ದ ಮಗನೂ ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಅಂದು ಮಾತುಕತೆ ಫಲಿಸಿದರೆ ಗರುಡನ ಕಥೆ ಮೊಮ್ಮಕ್ಕಳವರೆಗೂ ಬಾಳುತ್ತದೆ. ಫಲಿಸದಿದ್ದರೆ ಗರುಡನನ್ನು ಎಲ್ಲರೂ ಮರೆಯುತ್ತಾರೆ.

ಪ್ರಾಣಿಪಕ್ಷಿಗಳು ಎದುರಾದಾಗ ಅವು ನಮಗೇನೋ ಹೇಳಬಂದಿವೆಯೆಂದು ಭಾವಿಸುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಹಿರಿಯರ ದಿವ್ಯಜ್ಞಾನವೆಂದು ಹೊಗಳುವುದು ಇನ್ನೂ ಸುಲಭ. ಈ ಎರಡು ಸುಲಭದ ದಾರಿಗಳನ್ನೂ ಬಿಟ್ಟು, ಆ ಅಭ್ಯಾಸದ ಒಳಗೆ ಏನಿದೆಯೆಂದು ಸ್ವಲ್ಪ ಇಣಿಕಿ ನೋಡೋಣ.

ಶಕುನವೆಂದರೆ ಹಕ್ಕಿ

'ಶಕುನ' ಎಂಬ ಸಂಸ್ಕೃತ ಪದದ ಮೊದಲ ಅರ್ಥವೇ ಹಕ್ಕಿ. ಕಾಡಿನಲ್ಲಿ ತೊರೆದುಹೋದ ಹಸುಗೂಸನ್ನು ಶಕುಂತಪಕ್ಷಿಗಳು ಸುತ್ತುವರಿದು ಕಾಪಾಡಿದ್ದರಿಂದ ಕಣ್ವರು ಆ ಮಗುವಿಗೆ ಶಕುಂತಲೆಯೆಂದು ಹೆಸರಿಟ್ಟರೆಂದು ಮಹಾಭಾರತದಲ್ಲಿದೆ. ಹಕ್ಕಿಯೆಂಬ ಅರ್ಥದ ಮಾತು ಕಾಲಕ್ರಮದಲ್ಲಿ ಮುಂದಾಗುವುದರ ಸೂಚನೆ ಎಂಬ ಅರ್ಥವನ್ನು ಪಡೆಯಿತು. ಇದು ನಮ್ಮ ದೇಶದ ವಿಶೇಷವೇನೂ ಅಲ್ಲ. ಪ್ರಾಚೀನ ಗ್ರೀಕರಲ್ಲಿಯೂ ಹಕ್ಕಿಗೂ ಶಕುನಕ್ಕೂ ಒಂದೇ ಪದವಿತ್ತು. ರೋಮನರು ಶಕುನ ನೋಡುವುದಕ್ಕೆ ಬಳಸುತ್ತಿದ್ದ ಮಾತನ್ನು ಬಿಡಿಸಿದರೆ 'ಹಕ್ಕಿಯನ್ನು ನೋಡುವುದು' ಎಂದಾಗುತ್ತದೆ.

ಋಗ್ವೇದದ ಎರಡನೆಯ ಮಂಡಲದ ಕೊನೆಯ ಎರಡು ಸೂಕ್ತಗಳು ಕಪಿಂಜಲವೆಂಬ ಹಕ್ಕಿಯನ್ನು ಕುರಿತವು. ಈ ಹಕ್ಕಿಯನ್ನು ಗೌಜಲಹಕ್ಕಿಯೆಂದು ಸಾಮಾನ್ಯವಾಗಿ ಅರ್ಥೈಸುವುದುಂಟು. ಮನೆಯ ಬಲಮಗ್ಗುಲಲ್ಲಿ ಕುಳಿತು ಶುಭವನ್ನು ನುಡಿಯೆಂದು ಋಷಿಯು ಅದನ್ನು ಬೇಡಿಕೊಳ್ಳುತ್ತಾನೆ. ಹತ್ತನೆಯ ಮಂಡಲದಲ್ಲಿ ಮನೆಯೊಳಗೆ ಬಂದ ಕಪೋತ, ಎಂದರೆ ಪಾರಿವಾಳ, ಅನಿಷ್ಟದ ದೂತನೆಂದು ತಿಳಿದು ಮಾಡುವ ಪ್ರಾರ್ಥನೆಯಿದೆ. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಕಾಗೆಗೆ ಬೇರೆ, ನರಿಗೆ ಬೇರೆ, ನಾಯಿಗೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಕನ್ನಡವೂ ಹಿಂದೆ ಬೀಳಲಿಲ್ಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿಯು ರಚಿಸಿದ 'ಲೋಕೋಪಕಾರ'ವು ಸಂಸಾರಿಗಳಿಗಾಗಿ ಹೇಳಿದ ಗ್ರಂಥ. ಬಾವಿ ತೋಡಲು ನೀರಿನ ಸೆಲೆಯನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ, ದನಕರುಗಳ ಚಿಕಿತ್ಸೆ ಮೊದಲಾದ ನಿತ್ಯೋಪಯೋಗಿ ವಿದ್ಯೆಗಳ ಸಾಲಿನಲ್ಲಿಯೇ ಶಕುನವೂ ಸೇರಿದೆ. ಆ ಕಾಲದ ಗೃಹಸ್ಥನಿಗೆ ಹಕ್ಕಿಯ ಕೂಗನ್ನು ತಿಳಿಯುವುದು ಬಾವಿಯ ನೆಲೆಯನ್ನು ತಿಳಿಯುವಷ್ಟೇ ಅಗತ್ಯವಾಗಿದ್ದಿರಬೇಕು.

ಕಾಡಿನ ಭಾಷೆ

ಅಗತ್ಯವಾಗಿತ್ತೆಂಬುದರಲ್ಲಿ ಆಶ್ಚರ್ಯವಿಲ್ಲ. ಕಾಡಿನ ಅಂಚಿನಲ್ಲಿ ಬಾಳುವವನಿಗೆ ಪ್ರಾಣಿಪಕ್ಷಿಗಳ ದನಿಯೇ ದಿನಪತ್ರಿಕೆ. ಮರದ ತುದಿಯಲ್ಲಿ ಕುಳಿತ ಮುಸುವಕ್ಕೆ ದೂರದೃಷ್ಟಿ ಹೆಚ್ಚು. ಕೆಳಗೆ ಮೇಯುವ ಜಿಂಕೆಗೆ ವಾಸನೆ ಹಿಡಿಯುವ ಶಕ್ತಿ ಹೆಚ್ಚು. ಹುಲಿಯ ಚಲನೆಯನ್ನು ಕಂಡು ಮುಸುವವು ಗದರಿದಂತೆ ಕೂಗಿದರೆ ಜಿಂಕೆಗಳು ಬಾಲವೆತ್ತಿ ನಿಲ್ಲುತ್ತವೆ. ಜಿಂಕೆ ಕೂಗಿದರೆ ಮುಸುವಗಳು ಕೆಳಗೆ ನೋಡುತ್ತವೆ. ಕಡವೆ ಸುಮ್ಮನೆ ಕೂಗುವುದಿಲ್ಲವೆಂಬುದು ಕಾಡು ಬಲ್ಲವರ ಅನುಭವ. ದಾರಿಯ ಎಡಕ್ಕೆ ಹಕ್ಕಿ ಕಿರುಚಿಕೊಂಡಿತೆಂದು ಪಯಣವನ್ನು ನಿಲ್ಲಿಸಿದ ಹಳೆಯ ಕಾಲದ ದಾರಿಗನು ಕೆಲವು ವೇಳೆ ಜೀವವನ್ನೇ ಉಳಿಸಿಕೊಂಡಿರಬಹುದು. ಆ ಹಕ್ಕಿಯು ಕಿರುಚಿದ್ದು ಅವನ ಜಾತಕವನ್ನು ನೋಡಿ ಅಲ್ಲ. ಪೊದೆಯ ಮರೆಯಲ್ಲಿ ಹೊಂಚಿದ್ದ ಚಿರತೆಯನ್ನು ನೋಡಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಬಂಡೀಪುರಕ್ಕೆ ಹೋಗಿದ್ದಾಗ ಕಾಡಿನ ಕಾವಲುಗಾರರೊಬ್ಬರು ನಮಗೆ ಈ ಪಾಠವನ್ನು ಹೇಳಿಕೊಟ್ಟರು. ಮಣ್ಣುದಾರಿಯ ಮೇಲೆ ಮೂಡಿದ್ದ ಹುಲಿಯ ಹೆಜ್ಜೆಯ ಬಳಿ ಜೀಪನ್ನು ನಿಲ್ಲಿಸಿ, ಅದರ ಅಂಚು ಇನ್ನೂ ಉದುರಿಲ್ಲವೆಂದೂ ಇಬ್ಬನಿ ಅದರ ಮೇಲೆ ಬಿದ್ದಿಲ್ಲವೆಂದೂ ತೋರಿಸಿ, ಬೆಳಗಾದ ಮೇಲೆ ಹುಲಿ ಈ ದಾರಿಯಲ್ಲಿ ಹಾದುಹೋಗಿದೆಯೆಂದರು. ಹುಲಿ ಮಾತ್ರ ಕಾಣಲಿಲ್ಲ. ವಿದ್ಯಾರ್ಥಿನಿಯೊಬ್ಬಳು ಸ್ವಲ್ಪ ನಿರಾಶೆಯಿಂದ, "ಅಣ್ಣಾ, ಹುಲಿ ಕಂಡರೆ ಒಳ್ಳೆಯ ಶಕುನವೇ?" ಎಂದು ಕೇಳಿದಳು. ಆತ ನಕ್ಕು, "ಅದು ನಮಗೆ ಕಂಡ್ರೆ ಒಳ್ಳೇದು ಅಂತಾನೇ ಇಟ್ಕೊ ಕನವ್ವ. ನಾವು ಅದಕ್ಕೆ ಕಂಡ್ರೆ ಯಾವ ಶಕುನ, ಅದ ಯಾರು ಕೇಳಾರು?" ಎಂದರು. ಮಕ್ಕಳೆಲ್ಲ ನಕ್ಕರು. ಪುಸ್ತಕಗಳಲ್ಲಿ ನಾನೆಂದೂ ಓದಿರದ ಪ್ರಶ್ನೆ ಅದು.

ಕನ್ನಡದಲ್ಲಿ 'ಸುಳಿವು' ಎಂಬ ಒಳ್ಳೆಯ ಮಾತೊಂದಿದೆ. ಮಣ್ಣಿನ ಮೇಲಿನ ಹೆಜ್ಜೆ ಸುಳಿವು. ಮುಸುವದ ಕೂಗು ಸುಳಿವು. ಸುಳಿವು ಆ ಪ್ರಾಣಿಯ ಸಂಗತಿಯನ್ನು ಹೇಳುತ್ತದೆ. ಶಕುನವು ನಮ್ಮ ಸಂಗತಿಯನ್ನು ಹೇಳುತ್ತದೆಂದು ನಾವು ನಂಬುತ್ತೇವೆ. ಮೊದಲಿಗೆ ಇವೆರಡೂ ಒಂದೇ ವಿದ್ಯೆಯಾಗಿದ್ದಿರಬಹುದು. ಮನುಷ್ಯನು ಕಾಡನ್ನು ಬಿಟ್ಟು ಊರಿಗೆ, ಊರನ್ನು ಬಿಟ್ಟು ಪಟ್ಟಣಕ್ಕೆ ಬಂದಂತೆಲ್ಲ ಸುಳಿವಿನ ವಿದ್ಯೆ ಮರೆತುಹೋಯಿತು. ಶಕುನ ಮಾತ್ರ ಉಳಿಯಿತು.

ರಾಜ್ಯ ಕಟ್ಟಿದ ಮೊಲ

ನಮ್ಮ ನಾಡಿನ ಇತಿಹಾಸವನ್ನು ತೆರೆದರೆ ಹೆಬ್ಬಾಗಿಲಿನಲ್ಲಿಯೇ ಒಂದೊಂದು ಪ್ರಾಣಿ ನಿಂತಿರುವುದನ್ನು ಕಾಣುತ್ತೇವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಹಿಂದಿನ ಸೊಸೆವೂರು. ಅಲ್ಲಿ ಗುರುವಿನ ಮೇಲೆರಗಿದ ಹುಲಿಯನ್ನು 'ಪೊಯ್ ಸಳ' ಎಂಬ ಅಪ್ಪಣೆಯಂತೆ ಸಳನು ಹೊಡೆದನೆಂದೂ ಅದರಿಂದಲೇ ಹೊಯ್ಸಳ ವಂಶಕ್ಕೆ ಆ ಹೆಸರು ಬಂದಿತೆಂದೂ ಪ್ರತೀತಿ. ಬೇಲೂರು ಹಳೇಬೀಡುಗಳಿಗೆ ಹೋದವರೆಲ್ಲರೂ ಆ ಶಿಲ್ಪವನ್ನು ನೋಡಿಯೇ ಇರುತ್ತಾರೆ. ಆದರೆ ವಂಶದ ಹೆಸರು ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಕಾಣಿಸಿಕೊಂಡರೆ, ಸಳನ ಕಥೆ ಪ್ರಚಾರಕ್ಕೆ ಬಂದದ್ದು ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ. ವಿಷ್ಣುವರ್ಧನನು 1116ರಲ್ಲಿ ತಲಕಾಡನ್ನು ಚೋಳರಿಂದ ಗೆದ್ದನು. ಚೋಳರ ಲಾಂಛನ ಹುಲಿ. ಸಳನು ಇರಿಯುತ್ತಿರುವುದು ಆ ಹುಲಿಯನ್ನೇ ಇರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ವಿಜಯನಗರದ ಕಥೆಯಲ್ಲಿ ಬರುವುದು ಮೊಲ. ತುಂಗಭದ್ರೆಯ ದಡದಲ್ಲಿ ಬೇಟೆಯಾಡುತ್ತಿದ್ದ ಅರಸನ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಕಚ್ಚಿತಂತೆ. ಇದು ವೀರಭೂಮಿ, ಇಲ್ಲಿ ನಗರವನ್ನು ಕಟ್ಟು ಎಂದು ತಪಸ್ವಿಯೊಬ್ಬನು ಹೇಳಿದನಂತೆ. ನಗರದ ಸ್ಥಾಪನೆಯ ವರ್ಷ 1336 ಎಂಬುದು ಸಾಂಪ್ರದಾಯಿಕ ಎಣಿಕೆ. ಈ ಕಥೆಯನ್ನು ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜನು ವಿಜಯನಗರದಲ್ಲಿ ಇದ್ದದ್ದು 1535ರ ಸುಮಾರಿಗೆ. ನಡುವೆ ಇನ್ನೂರು ವರ್ಷಗಳು ಕಳೆದಿದ್ದವು. ರಾಜ್ಯ ಆಗಲೇ ಮಹಾಸಾಮ್ರಾಜ್ಯವಾಗಿತ್ತು. ನಾಯಿಯನ್ನು ಅಟ್ಟಿದ ಮೊಲದ ಇಂಥದೇ ಕಥೆ ಕರ್ನಾಟಕದ ಬೇರೆ ಕೆಲವು ಊರುಗಳ ಬಗೆಗೂ ಜನರ ಬಾಯಲ್ಲಿದೆ. ಕಥೆಯಿದ್ದೂ ಹಾಳುಬಿದ್ದ ಊರುಗಳ ಮೊಲಗಳನ್ನು ಯಾರು ನೆನೆಯುತ್ತಾರೆ?

ಮೊದಲು ಪ್ರಾಣಿ, ಆಮೇಲೆ ಫಲ ಎಂದು ಶಕುನವು ಹೇಳಿಕೊಳ್ಳುತ್ತದೆ. ಕಥೆ ಹುಟ್ಟುವುದು ಮಾತ್ರ ಸಾಮಾನ್ಯವಾಗಿ ಹಿಂದುಮುಂದಾಗಿ: ಮೊದಲು ಫಲ, ಆಮೇಲೆ ಪ್ರಾಣಿ. ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ಅವರು 'ಕಾಕತಾಳೀಯ' ಎಂದು ಕರೆದರು. ಶಕುನಶಾಸ್ತ್ರವನ್ನು ಬರೆದ ದೇಶವೇ ಅದಕ್ಕೆ ಮದ್ದನ್ನೂ ಅರೆದಿಟ್ಟಿತ್ತು. ನರಿ ಎಡಕ್ಕೆ ಹೋದರೇನು, ಬಲಕ್ಕೆ ಹೋದರೇನು, ಮೈಮೇಲೆ ಬೀಳದಿದ್ದರೆ ಸಾಕು ಎಂಬ ಗಾದೆಯನ್ನು ಕಟ್ಟಿದ ಹಳ್ಳಿಗನು ಯಾವ ವಿಚಾರವಾದಿಗೂ ಕಡಮೆಯವನಲ್ಲ.

ಶೃಂಗೇರಿಯ ಐತಿಹ್ಯಕ್ಕೆ ಬೇರೆಯದೇ ಒಂದು ಚೆಲುವಿದೆ. ತುಂಗೆಯ ದಡದಲ್ಲಿ ಸುಡುಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯೆತ್ತಿ ನೆರಳು ಮಾಡಿದ್ದನ್ನು ಶಂಕರಾಚಾರ್ಯರು ಕಂಡು, ಹುಟ್ಟುಹಗೆತನವೂ ಅಳಿಯುವ ಈ ನೆಲವೇ ಪೀಠಕ್ಕೆ ತಕ್ಕ ಸ್ಥಳವೆಂದು ನಿಶ್ಚಯಿಸಿದರೆಂದು ಭಕ್ತರು ನಂಬುತ್ತಾರೆ. ಹೊಳೆಯ ಮೆಟ್ಟಿಲ ಬಳಿ ಇಂದಿಗೂ 'ಕಪ್ಪೆ ಶಂಕರ' ಇದೆ. ಐತಿಹ್ಯದ ಸತ್ಯಾಸತ್ಯತೆಯನ್ನು ಬದಿಗಿಟ್ಟು ನೋಡಿದರೂ ಒಂದು ಮಾತು ಸ್ಪಷ್ಟ: ಆ ಹಾವು ಗೆಲುವನ್ನಾಗಲಿ ಸಂಪತ್ತನ್ನಾಗಲಿ ಯಾರಿಗೂ ಸೂಚಿಸಲಿಲ್ಲ. ಹೀಗೆ ಬಾಳು ಎಂದಷ್ಟೇ ಸೂಚಿಸಿತು. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು; ಮುಂದೆ ಅದು ಬೇಕಾಗುತ್ತದೆ.

ಬೆಲೆ ತೆರುವವರು

ಶಕುನದ ಅರ್ಥವು ಪ್ರಾಣಿಯಲ್ಲಿಯೇ ಇದ್ದಿದ್ದರೆ ಅದು ಎಲ್ಲ ಕಡೆಯೂ ಒಂದೇ ಆಗಿರಬೇಕಾಗಿತ್ತು. ಗೂಬೆಯನ್ನು ನೋಡಿರಿ. ನಮ್ಮಲ್ಲಿ ಅದು ಮನೆಯ ಮೇಲೆ ಕುಳಿತರೆ ಶಾಂತಿ ಮಾಡಿಸುವವರುಂಟು. ಬಂಗಾಳದಲ್ಲಿ ಅದೇ ಲಕ್ಷ್ಮಿಯ ವಾಹನ. ಗ್ರೀಕರಲ್ಲಿ ಅದು ಜ್ಞಾನದೇವತೆಯಾದ ಅಥೀನೆಯ ಹಕ್ಕಿ. ಅಥೆನ್ಸಿನ ಬೆಳ್ಳಿ ನಾಣ್ಯಗಳ ಮೇಲೆ ಅದರ ಮುದ್ರೆಯಿತ್ತು. ಅಷ್ಟೇಕೆ, ಗೂಬೆಯ ಜಾತಿಯದೇ ಆದ ಹಾಲಕ್ಕಿಯ ನುಡಿಯನ್ನು ಕೇಳಿ ಬಂದೆನೆಂದು ಬುಡುಬುಡಿಕೆಯವನು ನಸುಕಿನಲ್ಲಿ ಬಾಗಿಲಿಗೆ ಬಂದು ಹೇಳಿದರೆ ನಮ್ಮವರೇ ಮೊರದಲ್ಲಿ ಅಕ್ಕಿ ತಂದು ನೀಡುತ್ತಿದ್ದರು. ಗೂಬೆಯು ಇದೊಂದನ್ನೂ ಅರಿಯದು. ಕಣಜದ ಬಳಿ ಅದು ಬಂದು ಕೂಡುವುದು ಇಲಿಗಳಿಗಾಗಿ.

ಇದೆಲ್ಲ ಬರಿಯ ನಂಬಿಕೆಯ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ನಮ್ಮ ಭಾಗ್ಯದ ಭಾರವನ್ನು ಮೂಕಪ್ರಾಣಿಯ ಬೆನ್ನಿನ ಮೇಲೆ ಹೊರಿಸಿದಾಗ ಬೆಲೆ ತೆರುವುದು ಆ ಪ್ರಾಣಿ. ದೀಪಾವಳಿಯ ದಿನಗಳಲ್ಲಿ ಲಕ್ಷ್ಮಿಯನ್ನು ಒಲಿಸಿಕೊಳ್ಳಲೆಂದು ಲಕ್ಷ್ಮಿಯ ವಾಹನವನ್ನೇ ಬಲಿಕೊಡುವವರಿದ್ದಾರೆ. ಭಾರತದಲ್ಲಿ ನಡೆಯುವ ಗೂಬೆಗಳ ಕಳ್ಳವ್ಯಾಪಾರವನ್ನು ಕುರಿತು 2010ರಲ್ಲಿ ಒಂದು ವರದಿಯೇ ಪ್ರಕಟವಾಯಿತು. ವಿಜಯದಶಮಿಯಂದು ನೀಲಕಂಠಪಕ್ಷಿಯ ದರ್ಶನ ಶುಭವೆಂದು ಉತ್ತರ ಭಾರತದಲ್ಲಿಯೂ ತೆಲಂಗಾಣದಲ್ಲಿಯೂ ನಂಬಿಕೆಯಿದೆ. ಹೊಲದ ಬದುವಿನಲ್ಲಿ ತಾನಾಗಿ ಕಂಡ ಹಕ್ಕಿಗೆ ಕೈಮುಗಿಯುವುದು ಅದರ ಮೂಲಸ್ವರೂಪವಾಗಿದ್ದಿರಬೇಕು. ಪಟ್ಟಣದ ಜನಕ್ಕೆ ಹೊಲಕ್ಕೆ ಹೋಗಲು ಬಿಡುವಿಲ್ಲ. ಆದ್ದರಿಂದ ಹಬ್ಬಕ್ಕೆ ವಾರಗಳ ಮೊದಲೇ ಬಲೆಬೀಸಿ ಹಿಡಿದು, ಕಾಲು ಕಟ್ಟಿ, ರೆಕ್ಕೆ ಕತ್ತರಿಸಿ ಅಥವಾ ಅಂಟು ಬಳಿದು, ಪಂಜರದಲ್ಲಿ ಬೀದಿಬೀದಿಗೆ ಹೊತ್ತು ತಂದು ದುಡ್ಡಿಗೆ ದರ್ಶನ ಮಾಡಿಸುವ ವ್ಯವಹಾರ ಬೆಳೆಯಿತು. ಇದೇ ನೀಲಕಂಠವು ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಹೊಲದ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಈ ಹಕ್ಕಿಯು ಹಬ್ಬದ ಶುಭವನ್ನು ನಮಗೆ ಕೊಟ್ಟು, ಪಂಜರದಲ್ಲಿಯೇ ಪ್ರಾಣ ಬಿಡುವುದೂ ಉಂಟು.

ನಮ್ಮ ನಾಡಿನಲ್ಲಿಯೇ ನಡೆಯುವ ಇನ್ನೊಂದು ಅನ್ಯಾಯ ಮಣ್ಣುಮುಕ್ಕ ಹಾವಿನದು. ಎರಡು ತಲೆಯ ಹಾವೆಂದು ಅದರ ಪ್ರಸಿದ್ಧಿ. ಅದಕ್ಕಿರುವುದು ಒಂದೇ ತಲೆ. ಬಾಲವು ಮೊಂಡಾಗಿರುವುದರಿಂದ, ಅಪಾಯ ಬಂದಾಗ ತಲೆಯನ್ನು ಸುರುಳಿಯಲ್ಲಿ ಅಡಗಿಸಿ ಬಾಲವನ್ನು ಎತ್ತಿ ತೋರಿಸಿ ಅದು ವೈರಿಯನ್ನು ವಂಚಿಸುತ್ತದೆ. ಪ್ರಾಣವನ್ನು ಉಳಿಸಿಕೊಳ್ಳಲು ಪ್ರಕೃತಿ ಕಲಿಸಿದ ಆ ಜಾಣ್ಮೆಯೇ ಇಂದು ಅದಕ್ಕೆ ಮುಳುವಾಗಿದೆ. ಅದು ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂದು ನಂಬಿಸಿ, ತೂಕದ ಮೇಲೆ ಬೆಲೆ ಕಟ್ಟಿ, ಲಕ್ಷಗಟ್ಟಲೆ ರೂಪಾಯಿಗಳ ಆಸೆ ತೋರಿಸುವ ಜಾಲಗಳಿವೆ. ಎರಡನೆಯ ತಲೆ ನಿಜವೆನ್ನಿಸಲೆಂದು ಬಾಲಕ್ಕೆ ಗಾಯ ಮಾಡಿ ಕಣ್ಣುಬಾಯಿಗಳನ್ನು ಮೂಡಿಸುವ ಕ್ರೌರ್ಯವೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಬೆಂಗಳೂರಿನಲ್ಲಿ ಇಂಥ ಮಾರಾಟಗಾರರನ್ನು ಪೊಲೀಸರು ಬಂಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಂತ್ರವಾದಿಗಳ ಕೈಗೆ ಸಿಕ್ಕುವ ಕಾಡುಪಾಪದ ಗತಿಯೂ ಇಂಥದೇ. ದೊಡ್ಡ ಕಣ್ಣುಗಳ, ಅಂಗೈಯಗಲದ, ಯಾರಿಗೂ ಕೇಡೆಣಿಸದ ಆ ಜೀವಕ್ಕೆ ಅಪಶಕುನವೆಂಬ ಅಪವಾದ ಬೇರೆ.

2016ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳ ಕಾರಿನ ಮೇಲೆ ಕಾಗೆಯೊಂದು ಬಂದು ಕುಳಿತು ಬಹುಹೊತ್ತಿನವರೆಗೆ ಕದಲದೆ ಇದ್ದದ್ದು ದೊಡ್ಡ ಸುದ್ದಿಯಾಯಿತು. ಅದು ಯಾರಿಗೆ ಯಾವ ಕೇಡನ್ನು ಸೂಚಿಸುತ್ತದೆಂದು ಟೆಲಿವಿಷನ್ನಿನಲ್ಲಿ ಬಲ್ಲವರು ಚರ್ಚಿಸಿದರು. ಓಡಿಸಿದರೂ ಹಾರದೆ ಕುಳಿತ ಆ ಕಾಗೆಗೆ ಏನಾಗಿತ್ತು? ಬಾಯಾರಿತ್ತೆ? ರೆಕ್ಕೆಗೆ ಪೆಟ್ಟಾಗಿತ್ತೆ? ಬಂಡೀಪುರದ ಕಾವಲುಗಾರರಾಗಿದ್ದರೆ ಮೊದಲು ಅದನ್ನು ಕೇಳುತ್ತಿದ್ದರು.

ತವರಿಗೆ ಬರುವ ಹಕ್ಕಿಗಳು

ಹಾಗಾದರೆ ಶಕುನದ ನಂಬಿಕೆಯೆಲ್ಲವೂ ಕೇಡೇ ಎಂದು ಯಾರಾದರೂ ಕೇಳಿದರೆ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಿ ಬನ್ನಿರೆಂದು ಹೇಳಬೇಕು. ಶಿಂಷಾ ನದಿಗೆ ಹತ್ತಿರದ ಈ ಹಳ್ಳಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಅವು ಗೂಡುಕಟ್ಟುವುದು ದೂರದ ಕಾಡಿನಲ್ಲಿ ಅಲ್ಲ. ಮನೆಗಳ ಹಿತ್ತಲಿನ ಹುಣಿಸೆಯ ಮರಗಳಲ್ಲಿ, ಬೀದಿಯ ಆಲ ಅರಳಿಗಳಲ್ಲಿ. ಮರಿಗಳ ಗದ್ದಲ, ಮೀನಿನ ವಾಸನೆ, ಅಂಗಳದ ತುಂಬ ಹಿಕ್ಕೆ. ಹಕ್ಕಿ ಕುಳಿತ ಮರದಿಂದ ಹುಣಿಸೆಯ ಫಸಲೂ ಸರಿಯಾಗಿ ಕೈಗೆ ಬರುವುದಿಲ್ಲ. ಆ ನಷ್ಟಕ್ಕೆ ಸರ್ಕಾರದಿಂದ ಪರಿಹಾರ ಕೊಡಬೇಕಾಯಿತು. ಹೀಗಿದ್ದೂ ತಲೆಮಾರುಗಳಿಂದ ಈ ಊರಿನವರು ಹಕ್ಕಿಗಳಿಗೆ ಕಲ್ಲೆಸೆಯಲಿಲ್ಲ. ಅವು ಬಂದರೆ ಊರಿಗೆ ಒಳ್ಳೆಯದು, ಮಳೆಬೆಳೆ ಚೆನ್ನಾಗಿ ಆಗುತ್ತದೆಂಬುದು ಅವರ ನಂಬಿಕೆ. ಹಿಕ್ಕೆಯೇ ಒಳ್ಳೆಯ ಗೊಬ್ಬರವಾಗುವುದರಿಂದ ನಂಬಿಕೆಗೆ ನೆಲದ ಆಸರೆಯೂ ಇದೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಆ ಹಕ್ಕಿಗಳನ್ನು ಕರೆಯುವ ವಾಡಿಕೆ ಅಲ್ಲಿದೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಊರವರು ಅದಕ್ಕೆ ಎಷ್ಟೋ ಮೊದಲೇ ಸಾರಿಯಾಗಿತ್ತು.

ಕರಾವಳಿಯ ನಾಗಬನಗಳಲ್ಲಿ ಕೊಡಲಿ ಆಡುವುದಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿಯು ಹುಲಿವೀರಪ್ಪನೆಂಬ ದೈವ; 2011ರಲ್ಲಿ ಅವರ ಕಾಡು ಹುಲಿ ಸಂರಕ್ಷಿತ ಪ್ರದೇಶವಾಗುವ ಮೊದಲು ಶತಮಾನಗಳ ಕಾಲ ಆ ದೈವದೊಡನೆ ಅವರು ಬಾಳಿದ್ದರು.

ಮಣ್ಣುಮುಕ್ಕವನ್ನು ಕೊಳ್ಳುವವನಿಗೂ ಕೊಕ್ಕರೆಬೆಳ್ಳೂರಿನ ರೈತನಿಗೂ ಪ್ರಾಣಿಯಿಂದ ಶುಭವಾಗುತ್ತದೆಂಬ ನಂಬಿಕೆ ಸಮಾನ. ವ್ಯತ್ಯಾಸವಿರುವುದು ಶಕುನವು ಯಾರಿಂದ ಏನನ್ನು ಕೇಳುತ್ತದೆಂಬುದರಲ್ಲಿ. ಒಬ್ಬನಿಗೆ ಪ್ರಾಣಿಯು ಲಾಭದ ಹುಂಡಿ. ಅವನು ಅದನ್ನು ಹಿಡಿಯಬೇಕು, ಕೂಡಿಹಾಕಬೇಕು. ಇನ್ನೊಬ್ಬನಿಗೆ ಅದು ಹೊಣೆ; ಮರವನ್ನು ಕಡಿಯದೆ, ವಾಸನೆಯನ್ನು ಸಹಿಸಿ, ಬಿದ್ದ ಮರಿಯನ್ನು ಎತ್ತಿ ಆರೈಕೆ ಮಾಡಬೇಕು. ಮೊದಲನೆಯ ಶಕುನದಲ್ಲಿ ಪ್ರಾಣಿ ಅಳಿಯುತ್ತದೆ, ಎರಡನೆಯದರಲ್ಲಿ ಬಾಳುತ್ತದೆ. ಶೃಂಗೇರಿಯ ಹಾವು ಸೂಚಿಸಿದ್ದು ಈ ಎರಡನೆಯದನ್ನು.

ಕಾಗೆ ಮುಟ್ಟಿತು

ಹೊಣೆಯ ಶಕುನವು ಹಳ್ಳಿಗಾಡಿಗೆ ಮಾತ್ರ ಸೇರಿದ್ದೆಂದು ಪಟ್ಟಣದ ನಾವು ತಿಳಿಯಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿರುವ ಒಂದುಂಟು. ಹತ್ತನೆಯ ದಿನದ ಪಿಂಡಕ್ಕೆ ಕಾಗೆ ಮುಟ್ಟಿದರೆ ತೀರಿಕೊಂಡವರ ಮನಸ್ಸಿನಲ್ಲಿ ಕೊರಗೇನೂ ಉಳಿದಿಲ್ಲವೆಂದು ಅರ್ಥ.

ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು ತಮ್ಮ ತಂದೆಯವರ ಹತ್ತನೆಯ ದಿನದ ಪ್ರಸಂಗವನ್ನು ಹೇಳಿದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪಿಂಡವನ್ನಿಟ್ಟು ಒಂದು ಗಂಟೆಯಾದರೂ ಕಾಗೆ ಬರಲಿಲ್ಲ. ಮರದ ಮೇಲೆ ಕಾಗೆಗಳಿದ್ದವು, ಇಳಿಯಲೊಲ್ಲವು. ಒಬ್ಬೊಬ್ಬರಾಗಿ ಬಂದು ಕೈಮುಗಿದು, ಸಾಲ ತೀರಿಸುತ್ತೇವೆ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದೆಲ್ಲ ಹೇಳಿದರು. ಕಡೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವುದೆಂದು ಶಾಸ್ತ್ರಿಗಳು ದರ್ಭೆಯನ್ನು ಕೈಗೆತ್ತಿಕೊಂಡರು. ಆಗ ಮಿತ್ರರ ಚಿಕ್ಕಪ್ಪನವರು ತಡೆದು, "ಅವನ ಮನಸ್ಸಿನಲ್ಲಿ ಇದ್ದದ್ದು ಏನೆಂದು ನಿಮಗೆ ಗೊತ್ತಿಲ್ಲವೇನ್ರಪ್ಪಾ?" ಎಂದರು. ಎಲ್ಲರಿಗೂ ಗೊತ್ತಿತ್ತು. ತಂಗಿಯೊಬ್ಬಳು ಬೇರೆ ಜಾತಿಯವರನ್ನು ಮದುವೆಯಾಗಿ ಹನ್ನೊಂದು ವರ್ಷಗಳಾಗಿದ್ದವು. ತಂದೆ ಅವಳ ಹೆಸರನ್ನು ಮನೆಯಲ್ಲಿ ಎತ್ತಗೊಡಿಸಿರಲಿಲ್ಲ. ಕೊನೆಯ ಕಾಯಿಲೆಯಲ್ಲಿ ಮಾತ್ರ ಎರಡು ಬಾರಿ ತಾವೇ ಆ ಹೆಸರನ್ನು ಹಿಡಿದು ಕರೆದಿದ್ದರು. ಅಣ್ಣತಮ್ಮಂದಿರು ಅದು ಜ್ವರದ ಬಡಬಡಿಕೆಯೆಂದು ಸುಮ್ಮನಿದ್ದರು.

ದೊಡ್ಡವರು ತಮ್ಮನನ್ನು ಕರೆದುಕೊಂಡು ದೂರ ಸರಿದರು. ಉಳಿದವರೂ ಅವರ ಹಿಂದೆ ಹೋದರು. ಅಲ್ಲಿ ನಿಂತು, "ಹದಿಮೂರನೆಯ ದಿನಕ್ಕೆ ಅವಳನ್ನೂ ಭಾವನನ್ನೂ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ, ಅಣ್ಣ," ಎಂದು ನನ್ನ ಮಿತ್ರರು ಹೇಳಿದರು. ತಿರುಗಿ ನೋಡುವಷ್ಟರಲ್ಲಿ ಮೂರು ಕಾಗೆಗಳು ಪಿಂಡದ ಮೇಲಿದ್ದವು.

"ಕಾಗೆ ಬಹಳ ಎಚ್ಚರಿಕೆಯ ಹಕ್ಕಿ. ನಾವೆಲ್ಲ ಪಿಂಡದ ಸುತ್ತ ಗುಂಪುಗೂಡಿ ನಿಂತಿದ್ದೆವು, ಅದಕ್ಕೇ ಇಳಿದಿರಲಿಲ್ಲ. ದೂರ ಹೋದೆವು, ಬಂದವು. ಇದರಲ್ಲಿ ವಿಶೇಷವೇನೂ ಇಲ್ಲ," ಎಂದು ಮಿತ್ರರು ನನಗೆ ಹೇಳಿದರು. ಅವರ ಮಾತು ನಿಜವಿರಬೇಕು. ಅಮೆರಿಕದ ಸಿಯಾಟಲ್ ನಗರದಲ್ಲಿ 2006ರಲ್ಲಿ ವಿಜ್ಞಾನಿಗಳು ಮುಖವಾಡ ಧರಿಸಿ ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ಆಮೇಲೆ ವರ್ಷಗಳವರೆಗೆ ಆ ಮುಖವಾಡವನ್ನು ಕಂಡಾಗಲೆಲ್ಲ ಅಲ್ಲಿಯ ಕಾಗೆಗಳು ಗದ್ದಲವೆಬ್ಬಿಸಿದವು. ಮನುಷ್ಯರ ಮುಖವನ್ನೇ ನೆನಪಿಡುವ ಜಾತಿಗೆ ಗುಂಪಿನ ಭಯವಿರುವುದು ಸಹಜ. ಆದರೆ ಮಿತ್ರರು ಅಲ್ಲಿಗೇ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಕಾಗೆ ಮೊದಲೇ ಬಂದುಬಿಟ್ಟಿದ್ದರೆ ನಾವು ಆ ಮಾತನ್ನು ಆಡುತ್ತಲೇ ಇರಲಿಲ್ಲ," ಎಂದರು. ಅವರು ಮರುದಿನವೇ ಹೊರಟು ತಂಗಿಯ ಊರಿಗೆ ಹೋದರು. ವೈಕುಂಠ ಸಮಾರಾಧನೆಯಂದು ಆಕೆ ಹನ್ನೊಂದು ವರ್ಷಗಳ ಮೇಲೆ ತವರಿನ ಹೊಸ್ತಿಲನ್ನು ದಾಟಿದಳು. ತಾಯಿಗೆ ಮಾತು ಹೊರಡಲಿಲ್ಲವಂತೆ.

ಕಾಗೆ ಏನನ್ನೂ ಹೇಳಲಿಲ್ಲ. ಅದು ಕಾಯಿಸಿತು. ಕಾಯುತ್ತ ನಿಂತವರು ತಮ್ಮೊಳಗೆ ಹೂತಿಟ್ಟದ್ದನ್ನು ತಾವೇ ಹೊರಗೆ ತೆಗೆದರು. ಸಾವಿನ ಮನೆಯವರನ್ನು ನದಿಯ ದಡದಲ್ಲಿ ನಿಲ್ಲಿಸಿ, ಹೋದವರ ಬಯಕೆ ಏನಿತ್ತೆಂದು ಬಾಯಿಬಿಟ್ಟು ಹೇಳಿಸುವ ಉಪಾಯವೊಂದನ್ನು ಹಿರಿಯರು ಕಂಡುಕೊಂಡಿದ್ದರೆ ಅವರ ಬುದ್ಧಿಗೆ ತಲೆದೂಗಬೇಕು. ಅದಕ್ಕೆ ಕಾಗೆಯನ್ನು ಹಿಡಿಯಬೇಕಾಗಿಲ್ಲ, ಕಟ್ಟಬೇಕಾಗಿಲ್ಲ. ಅದು ತನ್ನ ಪಾಡಿಗೆ ತಾನು ಬಂದು ತುತ್ತನ್ನು ತಿಂದು ಹಾರಿಹೋಗುತ್ತದೆ. ಆಡಿದ ಮಾತನ್ನು ನಡೆಸುವುದು ನಮ್ಮ ಪಾಲಿನ ಕೆಲಸ.

ಕ್ರೌಂಚದ ಮುಂದೆ

ನಮ್ಮ ಆದಿಕಾವ್ಯ ಹುಟ್ಟಿದ್ದು ಕೂಡ ಕಾಡಿನ ಹಕ್ಕಿಯೊಂದು ಎದುರಾದದ್ದರಿಂದಲೇ. ತಮಸಾನದಿಗೆ ಸ್ನಾನಕ್ಕೆ ಹೋಗಿದ್ದ ವಾಲ್ಮೀಕಿಯು ಜೋಡಿ ಕ್ರೌಂಚಗಳನ್ನು ಕಂಡನು. ಕಣ್ಣೆದುರಿಗೆ ಬೇಡನ ಬಾಣ ಗಂಡುಹಕ್ಕಿಗೆ ತಗುಲಿತು, ಹೆಣ್ಣು ಗೋಳಿಟ್ಟಿತು. 'ಕ್ರೌಂಚ'ವೆಂದರೆ ಜೋಡಿಯನ್ನು ಬಿಡದೆ ಬಾಳುವ ಸಾರಸಕೊಕ್ಕರೆಯೇ ಇರಬೇಕೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಸ್ನಾನಕ್ಕೆ ಹೊರಟವನ ಎದುರಿಗೆ ರಕ್ತ ಕಾರಿ ಸತ್ತ ಹಕ್ಕಿ: ಶಕುನಶಾಸ್ತ್ರದಲ್ಲಿ ಇದಕ್ಕಿಂತ ಕೆಟ್ಟ ಶಕುನವಿರಲಾರದು. ಆ ಮುನಿಯು ತನಗೆ ಏನು ಕೇಡು ಕಾದಿದೆಯೆಂದು ಎಣಿಸಬಹುದಾಗಿತ್ತು. ಆಶ್ರಮಕ್ಕೆ ಹಿಂತಿರುಗಿ ಶಾಂತಿ ಮಾಡಿಸಬಹುದಾಗಿತ್ತು. ತನ್ನ ವಿಚಾರ ಅವನ ಮನಸ್ಸಿಗೇ ಬರಲಿಲ್ಲ. ಹಕ್ಕಿಯ ಸಂಕಟವನ್ನು ಹಕ್ಕಿಯ ಸಂಕಟವೆಂದೇ ಕಂಡನು. ಅದರಿಂದ ಬಂದ ಶೋಕವು ಶ್ಲೋಕವಾಯಿತು, ಶ್ಲೋಕದಿಂದ ರಾಮಾಯಣವಾಯಿತು.

ಮುಂದೊಂದು ದಿನ ನಿಮ್ಮ ಮನೆಯ ಮಾಡಿನ ಮೇಲೆ ಗೂಬೆಯೊಂದು ಬಂದು ಕುಳಿತೀತು. ಅಥವಾ ಬಾಲ್ಕನಿಯ ಕಂಬಿಯ ಮೇಲೆ ಕಾಗೆಯೊಂದು ರೆಕ್ಕೆ ಜೋಲುಬಿಟ್ಟು ಕೂತೀತು. ಫಲವೇನೆಂದು ಪಂಚಾಂಗದಲ್ಲಿ ಹುಡುಕಲು ಹೋಗುವ ಮೊದಲು ಅದರ ಕಡೆ ಒಮ್ಮೆ ಚೆನ್ನಾಗಿ ನೋಡಿರಿ. ಬೇಸಿಗೆಯಾಗಿದ್ದರೆ ಒಂದು ಮಡಕೆಯಲ್ಲಿ ನೀರಿಡಿ. ಮನೆಯ ಮಕ್ಕಳು ಅದು ಒಳ್ಳೆಯ ಶಕುನವೋ ಕೆಟ್ಟ ಶಕುನವೋ ಎಂದು ಕೇಳಿದರೆ, ಅದು ನೀರು ಕುಡಿದು ಹಾರುವವರೆಗೆ ಕಾದು ನೋಡೋಣ ಎನ್ನಿ.